ದಾರಿ ಗೊತ್ತು, ಬೆಳಕು ಗೊತ್ತಿಲ್ಲ

ಆಡಮ್ ಮೆಕೇ ನಿರ್ದೇಶನದ ‘ಡೋಂಟ್ ಲುಕ್ ಅಪ್’ 2021ರ ಡಿಸೆಂಬರಿನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂತು. ಆಗಿನಿಂದ ಅದರ ಬಗ್ಗೆ ನಡೆದ ಜಗಳವೆಲ್ಲ ಹೆಚ್ಚುಕಮ್ಮಿ ರಾಜಕೀಯದ್ದೇ. ಆ ಧೂಮಕೇತು ಅಂದ್ರೆ ಹವಾಮಾನ ಬದಲಾವಣೆಯಾ, ಕೊರೋನಾನಾ? ಅಧ್ಯಕ್ಷೆಯ ಪಾತ್ರ ಅಣಕಿಸೋದು ಯಾರನ್ನ? ಧೂಮಕೇತುವನ್ನ ಧೂಮಕೇತು ಅಂತಲೇ ನೋಡಿದವರು ಕಡಿಮೆ. ನನ್ನ ತಕರಾರು ಶುರುವಾಗೋದು ಅಲ್ಲಿಂದಲೇ.

ಮೊದಲ ಕೆಲವು ನಿಮಿಷ ನೆನಪು ಮಾಡಿಕೊಳ್ಳಿ. ಪಿಎಚ್‌ಡಿ ವಿದ್ಯಾರ್ಥಿನಿ ಕೇಟ್ ಡಿಬಿಯಾಸ್ಕಿಗೆ (ಜೆನಿಫರ್ ಲಾರೆನ್ಸ್) ಸುಬಾರು ಟೆಲಿಸ್ಕೋಪಿನ ಚಿತ್ರಗಳಲ್ಲಿ ಹೊಸ ಧೂಮಕೇತು ಕಾಣುತ್ತೆ. ಪ್ರೊಫೆಸರ್ ಮಿಂಡಿ (ಲಿಯೊನಾರ್ಡೊ ಡಿಕಾಪ್ರಿಯೊ) ವಿದ್ಯಾರ್ಥಿಗಳ ಮುಂದೆ ಖುಷಿಖುಷಿಯಾಗಿ ವೈಟ್‌ಬೋರ್ಡಿನಲ್ಲಿ ಲೆಕ್ಕ ಶುರುಮಾಡ್ತಾನೆ. ಭೂಮಿಯಿಂದ ಅದರ ದೂರ ಇಳೀತಾ ಇಳೀತಾ ಸೊನ್ನೆಯ ಹತ್ತಿರ ಬರುತ್ತೆ. ಅವನ ನಗು ಮಾಯ. ಇನ್ನು 6 ತಿಂಗಳು 14 ದಿನ. ದೃಶ್ಯವಾಗಿ ಇದು ಅದ್ಭುತ, ಡಿಕಾಪ್ರಿಯೊ ಮುಖದ ಮೇಲೆ ಆ ಸೊನ್ನೆ ಓದಬಹುದು.

ಆದ್ರೆ ಧೂಮಕೇತುವಿನ ಕೆಲಸ ಹೀಗೆ ನಡೆಯಲ್ಲ. ಟೆಲಿಸ್ಕೋಪ್ ಹೇಳೋದು ಚುಕ್ಕಿ ಯಾವ ದಿಕ್ಕಿನಲ್ಲಿದೆ ಅಂತ ಮಾತ್ರ, ಎಷ್ಟು ದೂರದಲ್ಲಿದೆ ಅಂತ ಅಲ್ಲ. ಒಂದು ರಾತ್ರಿಯ ನಾಲ್ಕಾರು ಸ್ಥಾನಗಳಿಗೆ ಹೊಂದುವ ಕಕ್ಷೆಗಳು ಲೆಕ್ಕವಿಲ್ಲದಷ್ಟು ಇರುತ್ತವೆ. ದಿನಗಳು, ವಾರಗಳು ಕಳೆದಂತೆ, ಬೇರೆ ಬೇರೆ ಊರಿನವರು ಅಳೆದ ಸ್ಥಾನಗಳು ಸೇರಿದಂತೆ ಅವುಗಳಲ್ಲಿ ಒಂದೊಂದೇ ಬಿದ್ದುಹೋಗುತ್ತೆ. 1801ರಲ್ಲಿ ಪಿಯಾಜಿ ಸೆರೆಸ್ ಅನ್ನು 41 ದಿನ ಹಿಂಬಾಲಿಸಿ ಕಳೆದುಕೊಂಡ. ಅಷ್ಟು ಅಳತೆ ಇಟ್ಟುಕೊಂಡು ಅದು ಎಲ್ಲಿ ಸಿಗುತ್ತೆ ಅಂತ ಲೆಕ್ಕ ಹಾಕಿದ್ದಕ್ಕೇ 24ರ ಹರೆಯದ ಗೌಸ್ ಯುರೋಪಿನಲ್ಲೆಲ್ಲ ಹೆಸರಾದ. ಈ ಕಾಯುವಿಕೆಯನ್ನು ಚಿತ್ರ ಕತ್ತರಿಸಿ ಬಿಸಾಕಿದೆ. ಮನೆಯ ತಾರಸಿಯ ಮೇಲೆ ಸಣ್ಣ ಟೆಲಿಸ್ಕೋಪ್ ಇಟ್ಟುಕೊಂಡು ಧೂಮಕೇತುಗಳ ಸ್ಥಾನ, ಬೆಳಕು ಅಳೆಯೋ ಹವ್ಯಾಸಿಗಳು ಜಗತ್ತಿನ ತುಂಬಾ ಇದ್ದಾರೆ. ಅವರಿಗೆ ಚಿತ್ರದಲ್ಲಿ ಪಾತ್ರವೇ ಇಲ್ಲ. ಜ್ಞಾನ ಅನ್ನೋದು ಇಬ್ಬರು ಒಳ್ಳೆಯವರ ಸ್ವತ್ತಾಗಿ, ಉಳಿದವರು ಅದನ್ನು ನಂಬೋರು, ನಂಬದೇ ಇರೋರು ಅಂತ ಎರಡೇ ಪಾಲಾಗ್ತಾರೆ.

ಸರಿ, ಸಿನಿಮಾಗೆ ಅವಸರ ಇರುತ್ತೆ ಅಂತ ಇದನ್ನು ಬಿಡೋಣ. ದೊಡ್ಡ ಲೋಪ ಬೇರೆ ಇದೆ. ಧೂಮಕೇತುವಿನ ಬಗ್ಗೆ ಪ್ರಶ್ನೆಗಳು ಎರಡು: ಎಲ್ಲಿರುತ್ತೆ, ಎಷ್ಟು ಹೊಳೆಯುತ್ತೆ. ಇವೆರಡೂ ಒಂದೇ ಜಾತಿಯ ಪ್ರಶ್ನೆಗಳಲ್ಲ. ನಮ್ಮ ಊರಿನ ಕಡೆ ಪಂಚಾಂಗ ಇಟ್ಟುಕೊಂಡ ಯಾರೇ ಆಗಲಿ ಆರಿದ್ರಾ ಮಳೆ ಯಾವತ್ತು ಹುಟ್ಟುತ್ತೆ ಅಂತ ಗಳಿಗೆ ಸಮೇತ ಹೇಳ್ತಾರೆ. ಅದು ಸೂರ್ಯನ ಲೆಕ್ಕ, ತಪ್ಪಲ್ಲ. ಆದ್ರೆ ಆ ಆರಿದ್ರಾ ಎಷ್ಟು ಸುರಿಯುತ್ತೆ? ಅದನ್ನು ಬೀಜ ಕೈಯಲ್ಲಿ ಹಿಡಿದು ನಿಂತ ರೈತನೂ ಹೇಳಲ್ಲ. ಧೂಮಕೇತುವಿನ ಕಕ್ಷೆ ಮಳೆ ಹುಟ್ಟೋ ದಿನದ ಹಾಗೆ, ಹೊಳಪು ಮಳೆಯ ಹಾಗೆ.

ಐಸಾನ್ ಕಥೆ ನೆನಪಿದೆಯಾ? 2012ರ ಸೆಪ್ಟೆಂಬರಿನಲ್ಲಿ ಗುರುವಿನ ಕಕ್ಷೆಗಿಂತಲೂ ಆಚೆ ಇದ್ದಾಗ ರಷ್ಯಾದಿಂದ ನೆವ್‌ಸ್ಕಿ ಮತ್ತು ನೊವಿಚೊನೋಕ್ ಅದನ್ನು ಕಂಡರು. 2013ರ ನವೆಂಬರ್ 28ಕ್ಕೆ ಸೂರ್ಯನ ಮೇಲ್ಮೈಯಿಂದ ಸುಮಾರು 12 ಲಕ್ಷ ಕಿಲೋಮೀಟರ್ ದೂರದಲ್ಲಿ ಹಾದುಹೋಗುತ್ತೆ ಅಂತ ಲೆಕ್ಕ ಬಂತು. ಹುಣ್ಣಿಮೆ ಚಂದ್ರನಿಗಿಂತ ಹೆಚ್ಚು ಹೊಳೆಯುತ್ತೆ, ಶತಮಾನದ ಧೂಮಕೇತು ಅಂತ ಸುದ್ದಿಯೂ ಬಂತು. ಹೇಳಿದ ದಿನ, ಹೇಳಿದ ದಾರಿಯಲ್ಲೇ ಬಂತು. ಆದ್ರೆ ಸೂರ್ಯನ ಪಕ್ಕದಲ್ಲೇ ಚೂರುಚೂರಾಗಿ ಕರಗಿಹೋಯ್ತು. ಡಿಸೆಂಬರಿನಲ್ಲಿ ಬರಿಗಣ್ಣಿಗೆ ಕಾಣೋಕೆ ಏನೂ ಉಳಿದಿರಲಿಲ್ಲ. ತಮಾಷೆ ನೋಡಿ, ಅದೇ ವಾರ, ಡಿಸೆಂಬರ್ 1ರ ನಸುಕಿಗೆ, ನಮ್ಮ ಮಂಗಳಯಾನ ಭೂಮಿಯ ಕಕ್ಷೆ ಬಿಟ್ಟು ಹೊರಟಿತು. ಪೀಣ್ಯದಲ್ಲಿ ಕೂತು ನಿಯಂತ್ರಿಸಿದ ಆ ನೌಕೆ ಮುಂದಿನ ಸೆಪ್ಟೆಂಬರ್ 24ಕ್ಕೆ ಮಂಗಳ ಮುಟ್ಟಿತು. ಎರಡಕ್ಕೂ ದಾರಿ ತೋರಿಸಿದ್ದು ಅದೇ ನ್ಯೂಟನ್. ಸೋತದ್ದು ಕಕ್ಷೆಯ ಲೆಕ್ಕ ಅಲ್ಲ.

ಹೊಳಪಿನ ಲೆಕ್ಕ ಯಾಕೆ ಸೋಲುತ್ತೆ? ಸೂರ್ಯನಿಂದ ದೂರ ಅರ್ಧವಾದ್ರೆ ಬರೀ ಬಂಡೆಯ ಮೇಲೆ ನಾಲ್ಕು ಪಟ್ಟು ಬೆಳಕು ಬೀಳುತ್ತೆ. ಧೂಮಕೇತು ಹಾಗಲ್ಲ, ಬಿಸಿಯಾದಂತೆ ಅನಿಲ, ಧೂಳು ಉಗುಳುತ್ತೆ, ಆ ಧೂಳೂ ಹೊಳೆಯುತ್ತೆ. ಹಾಗಾಗಿ ಸಾಮಾನ್ಯ ಸೂತ್ರದಲ್ಲಿ 16 ಪಟ್ಟು ಅಂತ ಹಿಡೀತಾರೆ. ಇದು ಸರಾಸರಿ ಮಾತ್ರ. ಮೊದಲ ಸಲ ಸೂರ್ಯನ ಕಡೆ ಬರೋ ಧೂಮಕೇತುಗಳಲ್ಲಿ ಮೇಲ್ಪದರದ ಕಾರ್ಬನ್ ಮಾನಾಕ್ಸೈಡಿನಂಥವು ಬಹಳ ದೂರದಲ್ಲೇ ಆವಿಯಾಗಿ ಭರ್ಜರಿ ಹೊಳಪು ಕೊಡುತ್ತವೆ. ಅದನ್ನೇ ನಂಬಿ ಗ್ರಾಫ್ ಮುಂದಕ್ಕೆ ಎಳೆದರೆ ಕೆಟ್ಟಿರಿ. ನೀರಿನ ಹಿಮದ ಸರದಿ ಬರೋ ಹೊತ್ತಿಗೆ ಉತ್ಸಾಹ ಇಳಿದಿರುತ್ತೆ. ಅಷ್ಟೇ ಅಲ್ಲ, ಚಿಮ್ಮುವ ಅನಿಲ ಸಣ್ಣ ರಾಕೆಟ್ಟಿನಂತೆ ಧೂಮಕೇತುವನ್ನೇ ತಳ್ಳುತ್ತೆ. ಹೊಳಪಿನ ಅನಿಶ್ಚಿತತೆ ಕಕ್ಷೆಯೊಳಗೂ ಒಂದಿಷ್ಟು ನುಸುಳುತ್ತೆ.

ಚಿತ್ರದಲ್ಲಿ ಧೂಮಕೇತುವಿನ ಅಗಲ 5ರಿಂದ 10 ಕಿಲೋಮೀಟರ್ ಅಂತ ಹೇಳ್ತಾರೆ. ಅಗಲ ಎರಡು ಪಟ್ಟು ಅಂದ್ರೆ ಗಾತ್ರ ಎಂಟು ಪಟ್ಟು! ಈ ಅಂತರ ಎಲ್ಲಿಂದ ಬಂತು ಅಂತ ಯಾರೂ ಕೇಳಲ್ಲ.

ಕೇಳಿದ್ರೆ ಏನಾಗುತ್ತೆ ಅನ್ನೋದಕ್ಕೆ, ಚಿತ್ರ ಬಂದ ವರ್ಷವೇ ಸಿಕ್ಕ ಬರ್ನಾರ್ಡಿನೆಲ್ಲಿ-ಬರ್ನ್‌ಸ್ಟೀನ್ ಧೂಮಕೇತು ನೋಡಿ. ಡಾರ್ಕ್ ಎನರ್ಜಿ ಸರ್ವೆಗಾಗಿ ಚಿಲಿಯ 4 ಮೀಟರ್ ಟೆಲಿಸ್ಕೋಪ್ ತೆಗೆದಿದ್ದ ಹಳೇ ಚಿತ್ರಗಳಲ್ಲಿ ಅದು 2014ರಿಂದಲೇ ಕೂತಿತ್ತು. ಆಗ ಅದರ ದೂರ, ಸೂರ್ಯನಿಂದ ಭೂಮಿಗಿರೋ ದೂರದ 29 ಪಟ್ಟು. ಸಾವಿರಾರು ಚಿತ್ರಗಳ ಚುಕ್ಕಿಗಳನ್ನು ಸಾಫ್ಟ್‌ವೇರ್ ಜೋಡಿಸಿದಾಗ 32 ಚುಕ್ಕಿಗಳು ಒಂದೇ ಕಕ್ಷೆಯಲ್ಲಿ ಸಿಕ್ಕವು. ಜೂನ್‌ನಲ್ಲಿ ಸುದ್ದಿ ಹೊರಬಿದ್ದ ಕೂಡಲೇ ಬೇರೆಯವರು ಟೆಲಿಸ್ಕೋಪ್ ತಿರುಗಿಸಿ, ಅಷ್ಟು ದೂರದಲ್ಲೇ ಅದರ ಸುತ್ತ ಧೂಳಿನ ಮುಸುಕು ಇರೋದನ್ನು ಕಂಡರು. ನ್ಯೂಕ್ಲಿಯಸ್ ಎಷ್ಟು ದೊಡ್ಡದು ಅಂತ ತಿಳಿಯೋಕೆ ಆ ಮುಸುಕಿನ ಬೆಳಕನ್ನು ಕಳೆಯಬೇಕು. 2022ರ ಜನವರಿಯಲ್ಲಿ ಹಬಲ್ ತೆಗೆದ ಚಿತ್ರಗಳಿಂದ ಅದನ್ನು ಕಳೆದಾಗ ಬಂದದ್ದು ಸುಮಾರು 130 ಕಿಲೋಮೀಟರ್. 2031ರ ಜನವರಿಯಲ್ಲಿ ಅದು ಶನಿಯ ಕಕ್ಷೆಯ ಆಚೆಯಿಂದಲೇ ಸೂರ್ಯನನ್ನು ಸುತ್ತಿ ವಾಪಸ್ ಹೋಗುತ್ತೆ, ಬರಿಗಣ್ಣಿಗೆ ಕಾಣಲ್ಲ. ಇಲ್ಲಿ ವೀರರಿಲ್ಲ. ಒಬ್ಬರು ಅಳೆದದ್ದನ್ನು ಇನ್ನೊಬ್ಬರು ಮತ್ತೆ ಅಳೆದು ತಿದ್ದಿದ್ದಷ್ಟೇ ಇದೆ.

ಚಿತ್ರದ ಹೆಸರಾಂತ ಜೋಕಿಗೆ ಬರೋಣ. ಮಿಂಡಿ ಡಿಕ್ಕಿಯ ಸಾಧ್ಯತೆ ಶೇ. 99.78 ಅಂತಾನೆ, ಅಧ್ಯಕ್ಷೆ ಅದನ್ನು 70 ಅಂತ ಕರೆದು ಮುಂದೆ ಹೋಗೋಣ ಅಂತಾಳೆ. ನಾನೂ ನಕ್ಕೆ. ಎರಡು ವಾರದಿಂದ ಐದು ವಾರ ಬೇಕು ಅಂತ ಎಸ್ಟಿಮೇಟ್ ಕೊಟ್ಟು, ಮೀಟಿಂಗ್ ಮುಗಿಯೋದ್ರೊಳಗೆ ಅದು ‘ಎರಡು ವಾರ’ ಆಗಿರೋದನ್ನು ನೋಡಿದವರೆಲ್ಲ ನಗ್ತಾರೆ. ಆದ್ರೆ ಈ ಜೋಕಿನಲ್ಲಿ ಅನಿಶ್ಚಿತತೆ ಅನ್ನೋದು ವಿಜ್ಞಾನಿಯ ತೊದಲು, ರಾಜಕಾರಣಿಗೆ ಸಿಕ್ಕ ನೆಪ ಮಾತ್ರ. ಅದೂ ಒಂದು ಮಾಹಿತಿ ಅನ್ನೋದು ಚಿತ್ರಕ್ಕೆ ಹೊಳೆದೇ ಇಲ್ಲ.

ಇದರ ಬೆಲೆ 2025ರ ಫೆಬ್ರವರಿಯಲ್ಲಿ ಕಾಣಿಸಿತು. 2024 ವೈಆರ್4 ಅನ್ನೋ ಕ್ಷುದ್ರಗ್ರಹ 2032ರಲ್ಲಿ ಭೂಮಿಗೆ ಬಡಿಯೋ ಸಾಧ್ಯತೆ ಮೊದಲು ಶೇ. 1 ದಾಟಿತು, ಫೆಬ್ರವರಿ 18ಕ್ಕೆ 3.1 ಆಯ್ತು, ಒಂದೇ ವಾರದಲ್ಲಿ ಸೊನ್ನೆಯ ಹತ್ತಿರ ಬಂತು. ವಿಜ್ಞಾನಿಗಳು ಸುಮ್ಮನೆ ಹೆದರಿಸಿದರು, ಆಮೇಲೆ ಮಾತು ಬದಲಿಸಿದರು ಅಂದವರು ಕಡಿಮೆಯಿಲ್ಲ. ನಡೆದದ್ದು ಸರಳ. ಅಳತೆ ಹೆಚ್ಚಿದಂತೆ ಸಾಧ್ಯವಿರೋ ದಾರಿಗಳ ಪಟ್ಟಿ ಕಿರಿದಾಗುತ್ತೆ. ಭೂಮಿ ಆ ಪಟ್ಟಿಯೊಳಗೆ ಇರುವಷ್ಟು ಹೊತ್ತು ಅದರ ಪಾಲು ಏರುತ್ತೆ, ಹೊರಬಿದ್ದ ಕೂಡಲೇ ಕುಸಿಯುತ್ತೆ. ಏರಿದ್ದೂ ಸರಿ, ಇಳಿದದ್ದೂ ಸರಿ. ಒಂದು ರಾತ್ರಿಯಲ್ಲಿ ಸತ್ಯ ಸಿಗುತ್ತೆ ಅಂತ ಸಿನಿಮಾ ನೋಡಿ ಕಲಿತವರಿಗೆ ಇದು ಮೋಸದ ಹಾಗೆ ಕಾಣೋದು ಸಹಜ. ನಿಜವಾಗಿಯೂ ಏನಾದ್ರೂ ಬರುವಾಗ ಇದೇ ಜನ ಮೂರನ್ನು ಸೊನ್ನೆ ಅಂತ ಓದಿದ್ರೆ?

ಟಿವಿ ಸ್ಟುಡಿಯೋದ ಹುಸಿನಗು, ಫೋನ್ ಮಾರೋ ಶತಕೋಟ್ಯಧಿಪತಿಯ ದುರಾಸೆ, ಇವುಗಳಿಗಾಗಿ ಚಿತ್ರವನ್ನು ಖಂಡಿತ ನೋಡಿ. ತಲೆ ಎತ್ತಿ ನೋಡಿ ಅನ್ನೋ ಅದರ ಕರೆಯಲ್ಲೂ ತಪ್ಪಿಲ್ಲ. ನೋಡಿದವರು ಮರುದಿನವೂ ಅದರ ಮರುದಿನವೂ ನೋಡಿ, ಬರೆದಿಟ್ಟುಕೊಂಡು, ಹಳೇ ಲೆಕ್ಕ ಹೊಡೆದುಹಾಕಬೇಕು ಅನ್ನೋದನ್ನು ಅದು ಹೇಳಲಿಲ್ಲ, ಅಷ್ಟೇ.