ತಪ್ಪುವ ಮಂತ್ರ, ತಪ್ಪದ ಮಂತ್ರ

ಹೋದ ಬೇಸಿಗೆಯಲ್ಲಿ ಗುಂಡ್ಲುಪೇಟೆಯ ಅಕ್ಕನ ಮನೆಯಲ್ಲಿ ನಾಲ್ಕು ದಿನ ಇದ್ದೆ. ಅಕ್ಕನ ಮಗ ಹಳೆಯ ಲ್ಯಾಪ್‌ಟಾಪಿನಲ್ಲಿ ‘ಮಾರೋವಿಂಡ್’ ಆಡುತ್ತಿದ್ದ. ಬೆಥೆಸ್ಡಾ ಕಂಪನಿ 2002ರಲ್ಲಿ ಹೊರತಂದ ಆಟ ಅದು, ಅವನಿಗಿಂತ ವಯಸ್ಸಿನಲ್ಲಿ ದೊಡ್ಡದು. ಅವನ ಪಾತ್ರ ಒಬ್ಬ ಎಳೆಯ ಮಾಂತ್ರಿಕ. ಗುಹೆಯಲ್ಲಿ ಹೆಗ್ಗಣವೊಂದು ಮೈಮೇಲೆ ಬಿತ್ತು. ಬೆಂಕಿಯ ಮಂತ್ರ ಹಾಕಿದ, ಕೈಯಿಂದ ಏನೂ ಹೊರಡಲಿಲ್ಲ. ಮತ್ತೆ ಹಾಕಿದ, ಮತ್ತೆ ಹುಸಿ. ಅಷ್ಟರಲ್ಲಿ ಮಂತ್ರಶಕ್ತಿ ಮುಗಿದಿತ್ತು. ಮಾಂತ್ರಿಕ ಹೆಗ್ಗಣದ ಬಾಯಿಗೆ ಹೋದ.

‘ಇದೇನ್ ಮಾವ, ಮಂತ್ರನೋ ಲಾಟ್ರಿನೋ?’ ಅಂದವನು ಮಾರನೆಯ ದಿನವೇ ಒಂದು ಮಾಡ್ ಹಾಕಿಕೊಂಡ. ಆಮೇಲೆ ಅವನ ಮಂತ್ರ ಒಂದೂ ತಪ್ಪಲಿಲ್ಲ.

ಮಾಡ್ ಎಂದರೆ ಆಟದ ನಿಯಮವನ್ನೋ ನೋಟವನ್ನೋ ಆಟಗಾರರೇ ತಿದ್ದಿ ಹಂಚಿಕೊಳ್ಳುವ ಸಣ್ಣ ತುಣುಕು. ಇದನ್ನು ಮೋಸ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಕೃತಿಯ ಒಂದು ಜಾಗದಲ್ಲಿ ಕೈಯಿಟ್ಟು ‘ಇದು ಹೀಗಲ್ಲ, ಹೀಗಿರಬೇಕಿತ್ತು’ ಎನ್ನುವುದು ವಿಮರ್ಶೆಯೇ. ವಿಮರ್ಶಕನಿಗೆ ಹೇಳಿ ಸುಮ್ಮನಾಗುವ ಸೌಲಭ್ಯವಿದೆ. ಮಾಡ್ ಬರೆಯುವವನು ತನ್ನ ಮಾತನ್ನು ಆಡಿ ತೋರಿಸಬೇಕು. ಮಾರೋವಿಂಡ್ ಮಾಡಿದವರು ಕಂಪ್ಯೂಟರಿನ ಡಿಸ್ಕಿನ ಜೊತೆಗೇ ತಿದ್ದುವ ಉಪಕರಣವನ್ನೂ ಕೊಟ್ಟಿದ್ದರು. ಪ್ರತಿ ಮಂತ್ರದ ಪಕ್ಕದಲ್ಲೂ ‘ಸದಾ ಫಲಿಸಲಿ’ ಎಂಬರ್ಥದ ಒಂದು ಚೌಕವಿದೆ, ಟಿಕ್ ಹಾಕಿದರೆ ಮುಗಿಯಿತು. ಹಾಗಾಗಿ ಪ್ರಶ್ನೆ ತಿದ್ದಬಹುದೇ ಎಂಬುದಲ್ಲ. ತಿದ್ದಿದ ಮೇಲೆ ಏನು ಉಳಿಯುತ್ತದೆ ಎಂಬುದು.

ಆಟದ ಲೆಕ್ಕ ಹೀಗಿದೆ. ಆ ವಿದ್ಯೆಯಲ್ಲಿನ ಪರಿಣತಿಯ ಎರಡರಷ್ಟು, ಸಂಕಲ್ಪಬಲದ ಐದರಲ್ಲೊಂದು, ಅದೃಷ್ಟದ ಹತ್ತರಲ್ಲೊಂದು, ಇವನ್ನು ಕೂಡಿ ಮಂತ್ರದ ಬೆಲೆಯನ್ನು ಕಳೆಯಬೇಕು. ಬಂದದ್ದನ್ನು ಮೈಯ ಕಸುವಿನಿಂದ ಗುಣಿಸಬೇಕು: ದಣಿವಿಲ್ಲದಿದ್ದರೆ 1.25ರಿಂದ, ಪೂರ್ತಿ ಸುಸ್ತಾಗಿದ್ದರೆ 0.75ರಿಂದ. ಪರಿಣತಿ 30, ಸಂಕಲ್ಪ 40, ಅದೃಷ್ಟ 40, ಮಂತ್ರದ ಬೆಲೆ 20 ಎಂದಿಟ್ಟುಕೊಳ್ಳಿ. ನಿಂತು ಸುಧಾರಿಸಿಕೊಂಡವನಿಗೆ ನೂರಕ್ಕೆ 65 ಸಲ ಫಲಿಸುವ ಅದೇ ಮಂತ್ರ ಓಡಿ ಏದುಸಿರು ಬಿಡುವವನಿಗೆ 39 ಸಲ ಮಾತ್ರ. ಈ ಗುಣಾಕಾರವೇ ನನಗೆ ಇಡೀ ಸೂತ್ರದಲ್ಲಿ ಮೆಚ್ಚಿಗೆಯಾದದ್ದು. ಮಂತ್ರ ಮೊದಲು ಉಸಿರಿನ ಕೆಲಸ ಎಂಬುದನ್ನು ಯಾವ ಸಂಭಾಷಣೆಯೂ ಇಲ್ಲದೆ ಆಟ ಹೇಳುತ್ತದೆ. ಚಾಮರಾಜನಗರದ ಸೀಮೆಯಲ್ಲಿ ರಾತ್ರಿಯಿಡೀ ಮಾದೇಶ್ವರನ ಕಾವ್ಯ ಹಾಡುವ ಕಂಸಾಳೆಯ ದೇವರಗುಡ್ಡರನ್ನು ಕೇಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ತಿದ್ದುವವರಲ್ಲಿ ಎರಡು ದಾರಿಗಳಿವೆ. ಒಂದು, ಬೆಲೆ ಅಷ್ಟೇ ಇಟ್ಟು ಮಂತ್ರವನ್ನು ತಪ್ಪದಂತೆ ಮಾಡುವುದು. ನನ್ನ ಸೋದರಳಿಯ ಹಾಕಿಕೊಂಡದ್ದು ಇದು. ಒಂದು ಸಂಜೆಯಲ್ಲೇ ಅವನಿಗೆ ಬೇಸರ ಬಂತು. ಎರಡನೆಯದು ಜಾಣತನದ್ದು: ತಪ್ಪುವ ಸಾಧ್ಯತೆಯನ್ನು ತೆಗೆದು, ಅದನ್ನು ಬೆಲೆಗೆ ಸೇರಿಸುವುದು. ಎರಡರಲ್ಲಿ ಒಂದು ಸಲ ಫಲಿಸುತ್ತಿದ್ದ ಮಂತ್ರ ಈಗ ಪ್ರತಿಸಲ ಫಲಿಸುತ್ತದೆ, ಬೆಲೆ ಮಾತ್ರ ಎರಡರಷ್ಟು. ಸರಾಸರಿ ತೆಗೆದರೆ ಎರಡೂ ಒಂದೇ.

ಆದರೆ ಆಟವನ್ನು ಯಾರೂ ಸರಾಸರಿಯಲ್ಲಿ ಆಡುವುದಿಲ್ಲ. ಮೇಲಿನ ಲೆಕ್ಕದಲ್ಲೇ ಪರಿಣತಿಯನ್ನು 10ಕ್ಕೆ ಇಳಿಸಿ. ದಣಿವಿಲ್ಲದಿದ್ದರೂ ಮಂತ್ರ ಫಲಿಸುವುದು ನೂರಕ್ಕೆ 15 ಸಲ. ಹುಡುಗನ ಬಳಿ 50ರಷ್ಟು ಶಕ್ತಿಯಿದ್ದರೆ ಎರಡು ಸಲ ಪ್ರಯತ್ನಿಸಬಹುದು. ಒಂದಾದರೂ ತಾಗುವ ಸಂಭವ ನಾಲ್ಕರಲ್ಲಿ ಒಂದಕ್ಕಿಂತ ತುಸು ಹೆಚ್ಚು. ತಿದ್ದಿದ ಆಟದಲ್ಲಿ ಅದೇ ಮಂತ್ರದ ಬೆಲೆ 133. ಅವನು ಬಾಯಿ ತೆರೆಯುವಂತೆಯೇ ಇಲ್ಲ. ತನ್ನ ಅಳವಿಗೆ ಮೀರಿದ್ದನ್ನು ಹುಚ್ಚು ಧೈರ್ಯದಿಂದ ಒಮ್ಮೆ ಹಾಕಿ ನೋಡುವ ಅವಕಾಶವನ್ನು ಈ ತಿದ್ದುಪಡಿ ಬಡವನಿಂದ ಕಿತ್ತುಕೊಳ್ಳುತ್ತದೆ. ಇದೇ ಸರಣಿಯ ಮುಂದಿನ ಆಟ ‘ಒಬ್ಲಿವಿಯನ್’ (2006) ಮಂತ್ರ ತಪ್ಪುವುದನ್ನೇ ತೆಗೆದುಹಾಕಿ, ಪರಿಣತಿ ಇಷ್ಟಿದ್ದರೆ ಮಾತ್ರ ಈ ಮಂತ್ರ ಎಂಬ ಮೆಟ್ಟಿಲುಗಳನ್ನು ಇಟ್ಟಿತು. ಅಲ್ಲೂ ಆದದ್ದು ಅದೇ.

ಹಾಗಾದರೆ ತಪ್ಪದ ಮಂತ್ರದಿಂದ ಕಥೆಯೇ ಹುಟ್ಟುವುದಿಲ್ಲವೇ? ಹುಟ್ಟುತ್ತದೆ. ಮಾದೇಶ್ವರ ಕಾವ್ಯದ ಸಂಕಮ್ಮನ ಸಾಲನ್ನು ನೋಡಿ. ನೀಲೇಗೌಡ ಕಾಡಿಗೆ ಹೊರಡುವ ಮುನ್ನ ಹೆಂಡತಿಯಿಂದ ಶೀಲದ ಭಾಷೆ ಕೇಳುತ್ತಾನೆ. ಆಕೆ ಕೊಡುವುದಿಲ್ಲ. ಅವನು ಹಿಂಸಿಸಿ, ಮಾಟ ಮಾಡಿ ಆಕೆಯನ್ನು ಕಟ್ಟಿಹಾಕುತ್ತಾನೆ. ಮಾದೇಶ್ವರ ಬಂದು ಕಾಪಾಡುತ್ತಾನೆ; ಅವನ ವರದಿಂದ ಕಾರಯ್ಯ, ಬಿಲ್ಲಯ್ಯ ಹುಟ್ಟುತ್ತಾರೆ. ನೀಲೇಗೌಡನ ಮಾಟ ಫಲಿಸುತ್ತದೋ ಇಲ್ಲವೋ ಎಂಬ ಆತಂಕ ಕೇಳುಗರಿಗೆ ಇರುವುದೇ ಇಲ್ಲ. ಅದು ಕಟ್ಟುವಂತೆ ಕಟ್ಟುತ್ತದೆ. ಅವನಿಗೆ ಬೇಕಾಗಿದ್ದ ಭಾಷೆ ಮಾತ್ರ ಸಿಗುವುದಿಲ್ಲ. ಮಂತ್ರ ತಪ್ಪದ ಕಡೆ ಬೇರೆ ಯಾವುದೋ ಒಂದು ಕೈತಪ್ಪಬೇಕು.

ಇದು ಮಾರೋವಿಂಡಿಗೂ ಗೊತ್ತು. ಆಟದ ಆರಂಭದ ಊರಿನಿಂದ ಸ್ವಲ್ಪ ದೂರ ನಡೆದರೆ ಆಕಾಶದಿಂದ ಒಬ್ಬ ಕಿರುಚುತ್ತ ಬಿದ್ದು ಸಾಯುತ್ತಾನೆ. ಹೆಸರು ಟಾರ್ಹಿಯೆಲ್. ಅವನ ಜೇಬಿನಲ್ಲಿ ಹಾರುವ ಮಂತ್ರದ ಮೂರು ಸುರುಳಿಗಳಿರುತ್ತವೆ. ಈ ಆಟದಲ್ಲಿ ಸುರುಳಿಯ ಮಂತ್ರಗಳು ಎಂದೂ ಹುಸಿಹೋಗುವುದಿಲ್ಲ. ಜಿಗಿಯುವ ಬಲವನ್ನು ಸಾವಿರದಷ್ಟು ಹೆಚ್ಚಿಸಿ, ಏಳು ಸೆಕೆಂಡಿಗೆ ಮುಗಿಯುತ್ತದೆ. ಇಳಿಯುವುದಕ್ಕೆ ಅವನು ಏನೂ ಮಾಡಿಕೊಂಡಿರಲಿಲ್ಲ. ಮಂತ್ರ ತಪ್ಪಿದ್ದರೆ ಬದುಕಿರುತ್ತಿದ್ದ.

(ಮಂತ್ರಕ್ಕೆ ಲೆಕ್ಕ ಇಡುವುದು ನಮ್ಮ ಸೀಮೆಗೆ ಒಗ್ಗದ ಕೆಲಸ ಎನ್ನಿ. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆ ಎಂಬ ಮಾತನ್ನು ಕೇಳುತ್ತಲೇ ಬೆಳೆದವರು ನಾವು. ಸಿದ್ದರಾಮಯ್ಯ 2013ರಿಂದ 2018ರವರೆಗೆ ಹಲವು ಸಲ ಬಂದು ಐದು ವರ್ಷವನ್ನೂ ಮುಗಿಸಿದರು. ಮಾತು ಇನ್ನೂ ಸತ್ತಿಲ್ಲ.)

ಮೂಲ ಆಟವನ್ನು ಪೂರ್ತಿ ಸಮರ್ಥಿಸಲಾರೆ. ಅದರ ನಿಜವಾದ ದೋಷ ಮಂತ್ರ ತಪ್ಪುವುದಲ್ಲ, ತಪ್ಪಿದ್ದು ಏನನ್ನೂ ಕಲಿಸದಿರುವುದು. ಫಲಿಸಿದ ಮಂತ್ರದಿಂದ ಮಾತ್ರ ಪರಿಣತಿ ಹೆಚ್ಚುತ್ತದೆ. ಹುಸಿಹೋದದ್ದು ಶಕ್ತಿಯನ್ನು ತಿಂದು ಸುಮ್ಮನಾಗುತ್ತದೆ. ಹೀಗಾಗಿ ಬಲ್ಲವನು ಬೇಗ ಬೆಳೆಯುತ್ತಾನೆ, ಬಾರದವನು ಅಲ್ಲೇ ಉಳಿಯುತ್ತಾನೆ. ಕಂಸಾಳೆ ಕಲಿಯುವ ಹುಡುಗನ ತಾಳ ತಪ್ಪಿದಾಗ ಕಂಚು ಅಲ್ಲೇ ಅಪಸ್ವರ ನುಡಿಯುತ್ತದೆ. ಕೈ ಮುಂದಿನ ಸಲ ಸರಿಯಾಗುವುದು ಆ ಸದ್ದಿನಿಂದಲೇ. ಆಟದಲ್ಲೂ ಹುಸಿಹೋದ ಮಂತ್ರಕ್ಕೆ ಒಂದು ಸಪ್ಪೆ ಸದ್ದಿದೆ. ಅಷ್ಟೇ, ಅದರಿಂದ ಏನೂ ಆಗುವುದಿಲ್ಲ.

ಇದನ್ನು ಅವನಿಗೆ ಹೇಳಿದೆ. ‘ಅಂಗಾರೆ ತಪ್ಪುದ್ರೂ ಒಸಿ ಕಲ್ತ್ಕೊಳ್ಳೋ ಅಂಗೆ ಮಾಡ್ಬೇಕು ಅಂತೀಯಾ?’ ಎಂದು ಕೇಳಿ ಹಳೆಯ ಮಾಡ್ ತೆಗೆದುಹಾಕಿದ. ನಾನು ಹೊರಡುವ ದಿನ ಬೆಳಿಗ್ಗೆ ಹೊಸದನ್ನು ಬರೆಯುತ್ತ ಕೂತಿದ್ದ. ಮೂರು ಸಲ ಓಡಿಸಿ ನೋಡಿದ, ಮೂರು ಸಲವೂ ಆಟ ಮಧ್ಯದಲ್ಲೇ ನಿಂತುಹೋಯಿತು. ಅಕ್ಕ ತಿಂಡಿಗೆ ಕರೆಯುತ್ತಿದ್ದಳು. ಅವನು ಏಳಲಿಲ್ಲ.