ಹಳೆಯ ಅಂಗಿ ತೊಟ್ಟ ಹೊಸ ಕ್ಯಾಮೆರಾ

ಕಾಯುವುದೆಂದರೇನು ಎಂಬುದನ್ನು ಕೊಬ್ಬರಿ ನಾಡಿನ ಓದುಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೋಟದ ಮನೆಗಳಲ್ಲಿ ಬಲಿತ ಕಾಯನ್ನು ಅಟ್ಟಕ್ಕೆ ಏರಿಸಿದರೆ ಹತ್ತು ಹನ್ನೆರಡು ತಿಂಗಳು ಅದರ ತಂಟೆಗೆ ಹೋಗುವಂತಿಲ್ಲ. ಒಳಗಿನ ನೀರು ತಾನಾಗಿಯೇ ಇಂಗಬೇಕು. ತಿರುಳು ಚಿಪ್ಪಿನಿಂದ ಬಿಡಿಸಿಕೊಳ್ಳಬೇಕು. ಕಿವಿಯ ಬಳಿ ಹಿಡಿದು ಅಲುಗಿಸಿದಾಗ ಒಳಗಿನ ಉಂಡೆ ಸದ್ದು ಮಾಡಬೇಕು. ಸುಲಿದು ಒಡೆಯುವವರೆಗೂ ಅದು ಅಚ್ಚ ಕೊಬ್ಬರಿಯೋ ಕೌಟು ಹಿಡಿದದ್ದೋ ಎಂದು ಆಣೆಯಿಟ್ಟು ಹೇಳಬಲ್ಲವರು ಯಾರೂ ಇಲ್ಲ. ಫಿಲ್ಮ್ ಸುರುಳಿಯ ಕಾಲದ ಛಾಯಾಚಿತ್ರವೂ ಇಂತಹುದೇ ಒಂದು ಕಾಯುವಿಕೆಯಾಗಿತ್ತು. ಬೆಟ್ಟ, ಸರೋವರಗಳನ್ನು ಬರೆದ ಪರದೆಯ ಮುಂದೆ ಕುಟುಂಬವೆಲ್ಲ ಉಸಿರು ಬಿಗಿಹಿಡಿದು ನಿಲ್ಲುತ್ತಿತ್ತು. ಸ್ಟುಡಿಯೊದವರು ಕತ್ತಲೆ ಕೋಣೆಯಲ್ಲಿ ಸುರುಳಿಯನ್ನು ರಾಸಾಯನಿಕದಲ್ಲಿ ಅದ್ದಿ, ಹೈಪೊ ದ್ರಾವಣದಲ್ಲಿ ಸ್ಥಿರಗೊಳಿಸಿ, ತೊಳೆದು ಒಣಗಿಸುವವರೆಗೆ ಚಿತ್ರ ಬಂದಿದೆಯೋ ಇಲ್ಲವೋ ಯಾರಿಗೂ ತಿಳಿಯುತ್ತಿರಲಿಲ್ಲ. ಕಣ್ಣು ಮುಚ್ಚಿದವರು ಕಣ್ಣು ಮುಚ್ಚಿಕೊಂಡೇ ಗೋಡೆಯೇರಿದರು.

ಈ ಮಾತನ್ನು ಈಗ ಎತ್ತಲು ಕಾರಣವಿದೆ. ಜಪಾನಿನ ಫ್ಯೂಜಿಫಿಲ್ಮ್ ಸಂಸ್ಥೆಯು ೨೦೨೫ರ ಮೇ ತಿಂಗಳಲ್ಲಿ 'ಎಕ್ಸ್ ಹಾಫ್' ಎಂಬ ಪುಟ್ಟ ಡಿಜಿಟಲ್ ಕ್ಯಾಮೆರಾವನ್ನು ಪ್ರಕಟಿಸಿತು. ನೋಡಲು ಅದು ನಮ್ಮ ಹಿರಿಯರ ಕಾಲದ ಕ್ಯಾಮೆರಾದಂತೆಯೇ ಇದೆ. ಅದರಲ್ಲಿ 'ಫಿಲ್ಮ್ ಕ್ಯಾಮೆರಾ' ಎಂಬೊಂದು ವಿಧಾನವುಂಟು. ಅದನ್ನು ಆರಿಸಿಕೊಂಡರೆ ೩೬, ೫೪ ಅಥವಾ ೭೨ ಚಿತ್ರಗಳ ಒಂದು ಸುರುಳಿ ಎಂದು ಮೊದಲೇ ನಿಶ್ಚಯಿಸಬೇಕು. ಒಂದು ಚಿತ್ರ ತೆಗೆದ ಬಳಿಕ ಸಣ್ಣ ಸನ್ನೆಗೋಲನ್ನು ಎಳೆದರೆ ಮಾತ್ರ ಮುಂದಿನದು. ಸುರುಳಿ ಮುಗಿಯುವ ತನಕ ತೆಗೆದ ಒಂದನ್ನೂ ನೋಡುವಂತಿಲ್ಲ. ಕೊನೆಗೆ ಮೊಬೈಲಿನ ಆ್ಯಪ್‌ಗೆ ಕಳುಹಿಸಿ ಅಲ್ಲಿ 'ಸಂಸ್ಕರಿಸಿ'ಕೊಳ್ಳಬೇಕು. ಸುರುಳಿಯೂ ಇಲ್ಲ, ರಾಸಾಯನಿಕವೂ ಇಲ್ಲ, ಕತ್ತಲೆ ಕೋಣೆಯೂ ಇಲ್ಲ. ಕಾಯುವಿಕೆ ಮಾತ್ರ ಉಳಿದಿದೆ, ಅದಕ್ಕೂ ಬೆಲೆ ಕಟ್ಟಲಾಗಿದೆ.

ಇದು ಒಂಟಿ ವಿಚಿತ್ರವಲ್ಲ. ೨೦೦೪ರಷ್ಟು ಹಿಂದೆಯೇ ಎಪ್ಸನ್ ಸಂಸ್ಥೆ 'ಆರ್-ಡಿ೧' ಎಂಬ ಇಂತಹ ಡಿಜಿಟಲ್ ಕ್ಯಾಮೆರಾವನ್ನು ತಂದಿತ್ತು. ಫ್ಯೂಜಿಯ 'ಎಕ್ಸ್೧೦೦' ೨೦೧೦ರಲ್ಲಿ ಪ್ರಕಟವಾಗಿ ಮರುವರ್ಷ ಅಂಗಡಿಗೆ ಬಂತು. ೧೯೮೨ರ ತನ್ನದೇ 'ಎಫ್ಎಂ೨' ಫಿಲ್ಮ್ ಕ್ಯಾಮೆರಾದ ರೂಪವನ್ನು ಹೋಲುವಂತೆ ನಿಕಾನ್ ೨೦೨೧ರಲ್ಲಿ 'ಜ಼ೆಡ್ ಎಫ್‌ಸಿ', ೨೦೨೩ರಲ್ಲಿ 'ಜ಼ೆಡ್ ಎಫ್' ಎಂಬ ಮಾದರಿಗಳನ್ನು ಹೊರತಂದಿತು. ೨೦೨೪ರ ಫೆಬ್ರುವರಿಯಲ್ಲಿ ಪ್ರಕಟವಾದ 'ಎಕ್ಸ್೧೦೦೬'ಕ್ಕಾಗಿ, ನಮ್ಮ ದೇಶದಲ್ಲಿ ಬೆಲೆ ಒಂದೂವರೆ ಲಕ್ಷ ರೂಪಾಯಿ ದಾಟಿದ್ದರೂ, ಜಗತ್ತಿನಾದ್ಯಂತ ಜನ ತಿಂಗಳುಗಟ್ಟಲೆ ಸರದಿಯಲ್ಲಿ ಕಾದರು. ಇದನ್ನು ಕೇವಲ ಷೋಕಿ ಎಂದು ತಳ್ಳಿಹಾಕುವುದು ಸುಲಭ. ಆದರೆ ನಮ್ಮ ಧರ್ಮಕೇಂದ್ರದ ಯುವಕರೂ ಮೊಬೈಲಿನ ಪರದೆಯಲ್ಲಿ ಇವನ್ನೇ ಆಸೆಗಣ್ಣಿನಿಂದ ನೋಡುತ್ತಿರುವಾಗ, ವಸ್ತುವನ್ನು ಸ್ವಲ್ಪ ಬಿಚ್ಚಿ ನೋಡುವುದೇ ನ್ಯಾಯ.

ಮೊದಲು ಮೆಚ್ಚಬೇಕಾದುದನ್ನು ಮೆಚ್ಚೋಣ. ಬೆಳಕಿನ ಕಿಂಡಿಯ ಅಗಲವನ್ನು ಮಸೂರದ ಸುತ್ತಲಿನ ಬಳೆಯಿಂದಲೂ, ಷಟರಿನ ವೇಗವನ್ನು ನೆತ್ತಿಯ ಮೇಲಿನ ಬಿಲ್ಲೆಯಿಂದಲೂ ಹೊಂದಿಸುವ ಪದ್ಧತಿ ನಿಜಕ್ಕೂ ಒಳ್ಳೆಯದು. ಕ್ಯಾಮೆರಾ ಆರಿದ್ದಾಗಲೂ ಅಂಕೆಗಳು ಕಣ್ಣಿಗೆ ಕಾಣುತ್ತವೆ; ಬೆರಳಿಗೆ ಅಭ್ಯಾಸವಾಗುತ್ತದೆ; ಕಲಿಯುವ ಹುಡುಗನಿಗೆ ಬೆಳಕಿನ ಲೆಕ್ಕ ಅರ್ಥವಾಗುತ್ತದೆ. ಬಟನ್ ಒತ್ತಿ ಪಟ್ಟಿಯೊಳಗೊಂದು ಪಟ್ಟಿ ಹುಡುಕುವುದಕ್ಕಿಂತ ಇದು ಎಷ್ಟೋ ಮೇಲು.

ಆದರೆ ರೂಪದ ಮೋಹ ಬುದ್ಧಿಯನ್ನು ಮೀರಿದ ಎಡೆಗಳೂ ಇವೆ. ಫಿಲ್ಮ್ ಕ್ಯಾಮೆರಾದಲ್ಲಿ ಸುರುಳಿಯ ಬೆಳಕುಗ್ರಾಹಿ ಶಕ್ತಿಯನ್ನು, ಅಂದರೆ ಐಎಸ್ಒ ಸಂಖ್ಯೆಯನ್ನು, ಸುರುಳಿ ತುಂಬುವಾಗ ಒಮ್ಮೆ ಹೊಂದಿಸಿದರೆ ಮುಗಿಯಿತು. ಆದುದರಿಂದಲೇ ಅದು ಅಕಸ್ಮಾತ್ ತಿರುಗದಂತೆ, ಅಂಚನ್ನು ಮೇಲೆತ್ತಿ ತಿರುಗಿಸುವ ಬಿಗಿಯಾದ ಬಿಲ್ಲೆಯನ್ನು ಇಟ್ಟಿದ್ದರು. ಡಿಜಿಟಲ್‌ನಲ್ಲಿ ಈ ಸಂಖ್ಯೆ ಚಿತ್ರಚಿತ್ರಕ್ಕೂ ಬದಲಾಗಬಲ್ಲದು. ಹೀಗಿದ್ದೂ ಎಕ್ಸ್೧೦೦ರ ಈಚಿನ ಮಾದರಿಗಳಲ್ಲಿ ಅದೇ ಎತ್ತಿ ತಿರುಗಿಸುವ ಬಿಲ್ಲೆಯನ್ನು ಉಳಿಸಿಕೊಂಡಿದ್ದಾರೆ. ಕಾರಣ ಸತ್ತರೂ ಆಚಾರ ಸಾಯಲಿಲ್ಲ! ನಿಕಾನ್‌ನದು ಇನ್ನೊಂದು ಬಗೆ. ಸ್ವಯಂಚಾಲಿತ ವಿಧಾನಕ್ಕೆ ಹಾಕಿದಾಗ ನೆತ್ತಿಯ ಬಿಲ್ಲೆ ೧೨೫ ಎಂದು ತೋರಿಸುತ್ತಿರುತ್ತದೆ, ಒಳಗೆ ಯಂತ್ರ ತನಗೆ ಬೇಕಾದ ಬೇರೆ ವೇಗವನ್ನೇ ಬಳಸುತ್ತಿರುತ್ತದೆ. ನಿಂತುಹೋದ ಗೋಡೆ ಗಡಿಯಾರವನ್ನು ಅಂದಕ್ಕಾಗಿ ಉಳಿಸಿಕೊಂಡ ಮನೆಯನ್ನು ನೀವೂ ಕಂಡಿರಬಹುದು.

ಸನ್ನೆಗೋಲಿನ ವಿಷಯವನ್ನೇ ತೆಗೆದುಕೊಳ್ಳಿ. ೨೦೦೪ರ ಎಪ್ಸನ್ ಕ್ಯಾಮೆರಾದಲ್ಲಿಯೂ ಎಳೆಯುವ ಸನ್ನೆಗೋಲಿತ್ತು. ಸುತ್ತಲು ಸುರುಳಿಯಿರಲಿಲ್ಲವಾದರೂ ಷಟರಿನ ಸ್ಪ್ರಿಂಗನ್ನು ಬಿಗಿಯುವ ನಿಜವಾದ ಕೆಲಸ ಅದಕ್ಕಿತ್ತು. ೨೦೨೫ರ ಸನ್ನೆಗೋಲು ಏನನ್ನೂ ಸುತ್ತುವುದಿಲ್ಲ, ಅನುಮತಿಯನ್ನಷ್ಟೇ ನೀಡುತ್ತದೆ. ಎರಡರ ನಡುವಿನ ಅಂತರವೇ ನನ್ನ ಆಕ್ಷೇಪಣೆಯ ತಿರುಳು.

ಇಲ್ಲಿ ನೀವು ನನ್ನನ್ನು ತಡೆದು ಕೇಳಬಹುದು: 'ಸ್ವಾಮಿ, ತಪಸ್ಸುಕಾಲದಲ್ಲಿ ಉಪವಾಸ ಮಾಡಿರೆಂದು ಬೋಧಿಸುವವರು ನೀವೇ ಅಲ್ಲವೇ? ಕಣಜ ತುಂಬಿರುವವನು ಹಸಿದಿರುವುದು ನಟನೆಯೇ?' ಪ್ರಶ್ನೆ ಸರಿಯಾಗಿದೆ. ತಾನಾಗಿ ಹಾಕಿಕೊಂಡ ಮಿತಿ ಸುಳ್ಳಲ್ಲ. ದಿನಕ್ಕೆ ನೂರಾರು ಚಿತ್ರ ತೆಗೆದು ಒಂದನ್ನೂ ಮತ್ತೆ ನೋಡದ ಯುವಕನೊಬ್ಬ ಮೂವತ್ತಾರಕ್ಕೆ ನಿಲ್ಲುತ್ತೇನೆಂದರೆ, ಅವನ ಹಂಬಲವನ್ನು ನಾನು ಗೌರವಿಸುತ್ತೇನೆ. ಆದರೆ ಉಪವಾಸವನ್ನು ಯಾರೂ ಅಂಗಡಿಯಿಂದ ಕೊಂಡು ತರುವುದಿಲ್ಲ. ಜೇಬಿನಲ್ಲಿರುವ ಮೊಬೈಲಿನಿಂದಲೇ ಹನ್ನೆರಡು ಚಿತ್ರ ತೆಗೆದು, ಮನೆ ಮುಟ್ಟುವವರೆಗೂ ಅದನ್ನು ಹೊರಗೆ ತೆಗೆಯದೆ ಇರುವುದಕ್ಕೆ ಏನು ಅಡ್ಡಿ? ಆ ಸಂಯಮ ನಮ್ಮಲ್ಲಿ ಇಲ್ಲವೆಂಬುದನ್ನು ತಿಳಿದೇ ತಯಾರಕರು ಅದನ್ನು ಯಂತ್ರದೊಳಗಿಟ್ಟು ಮಾರುತ್ತಿದ್ದಾರೆ. ಅವರು ದಡ್ಡರಲ್ಲ.

ಹನ್ನೆರಡು ಎಂದೆ. ಅಗ್ಫಾ ಕ್ಲಿಕ್ ಕ್ಯಾಮೆರಾ ನಿಮ್ಮಲ್ಲಿ ಅನೇಕರ ಮನೆಯಲ್ಲಿ ಇದ್ದಿರಬಹುದು. ಬರೋಡದಲ್ಲಿ ತಯಾರಾಗುತ್ತಿದ್ದ ಆ ಪೆಟ್ಟಿಗೆಗೆ ಒಂದು ಸುರುಳಿ ಹಾಕಿದರೆ ಚೌಕಾಕಾರದ ಹನ್ನೆರಡೇ ಚಿತ್ರ. ಊಟಿಯಲ್ಲಿ ೧೯೬೦ರಲ್ಲಿ ಸ್ಥಾಪನೆಯಾದ ಸರ್ಕಾರಿ ಸ್ವಾಮ್ಯದ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಸಂಸ್ಥೆಯ 'ಇಂದು' ಸುರುಳಿಗಳು ಆ ದಿನಗಳಲ್ಲಿ ಪ್ರಸಿದ್ಧವಾಗಿದ್ದವು. ದೀಕ್ಷಾಸ್ನಾನಕ್ಕೆ ಎರಡು, ಹಬ್ಬಕ್ಕೆ ನಾಲ್ಕು, ಉಳಿದದ್ದು ಮಗಳ ಮದುವೆಗೆ ಎಂದು ಹಂಚಿಕೊಳ್ಳುವವರಿದ್ದರು. ಅದು ವ್ರತವಲ್ಲ, ಬಡತನದ ಲೆಕ್ಕ. ಆ ಲೆಕ್ಕದಿಂದಲೇ ಒಂದು ಬಗೆಯ ಗಾಂಭೀರ್ಯ ಹುಟ್ಟಿತೆಂಬುದು ಬೇರೆ ಮಾತು.

ನನಗೆ ಸಹಿಸಲಾಗದಿರುವುದು ಮತ್ತೊಂದು. ನಿನ್ನೆ ನಡೆದ ಮದುವೆಯ ಚಿತ್ರಕ್ಕೆ ನಲವತ್ತು ವರ್ಷದ ಹಳದಿಯನ್ನು ಬಳಿಯುವ ಚಾಳಿ. ತೆಂಗಿನ ತೋಟದಲ್ಲಿ ವಧೂವರರನ್ನು ನಿಲ್ಲಿಸಿ ತೆಗೆದ ಚಿತ್ರಗಳಲ್ಲಿ ಹಸಿರು ಗರಿಯೂ ಒಣಮಟ್ಟೆಯ ಬಣ್ಣಕ್ಕೆ ಇಳಿದಿರುತ್ತದೆ. ಹಳೆಯ ಬಣ್ಣದ ಚಿತ್ರಗಳು ಹಾಗಾದದ್ದು ಕಾಗದದಲ್ಲಿದ್ದ ವರ್ಣದ್ರವ್ಯಗಳು ಕುಂದಿದ್ದರಿಂದ. ಅದು ನಷ್ಟ. ಅಂದು ಕಷ್ಟಪಟ್ಟು ಹೆಚ್ಚಿನ ಹಣ ತೆತ್ತು ಬಣ್ಣದ ಚಿತ್ರ ತೆಗೆಸಿದ ತಾಯಿ, ಸೀರೆಯ ಕೆಂಪು ಕೆಂಪಾಗಿಯೇ ಉಳಿಯಲೆಂದು ಬಯಸಿದ್ದಳು. ಅವಳ ನಷ್ಟವನ್ನು ನಾವು ಅಲಂಕಾರ ಮಾಡಿಕೊಂಡಿದ್ದೇವೆ. ಫ್ಯೂಜಿಯವರು ತಮ್ಮ ಡಿಜಿಟಲ್ ಕ್ಯಾಮೆರಾಗಳಲ್ಲಿ ೧೯೯೦ರ ತಮ್ಮದೇ 'ವೆಲ್ವಿಯಾ' ಮೊದಲಾದ ಸುರುಳಿಗಳ ಬಣ್ಣವನ್ನು ಅನುಕರಿಸುವುದು ಇದಕ್ಕಿಂತ ಪ್ರಾಮಾಣಿಕ. ಸುರುಳಿ ಮಾಡಿದ ಕೈಗೆ ಅದರ ನೆನಪಿನ ಮೇಲೆ ಹಕ್ಕಿದೆ. ಅಲ್ಲದೆ ಅವರು ಅನುಕರಿಸುವುದು ಹೊಸ ಸುರುಳಿಯ ಕಾಂತಿಯನ್ನು, ಅದರ ಮುಪ್ಪನ್ನಲ್ಲ.

ಹಾಗಾದರೆ ಹಳೆಯ ಚಿತ್ರಗಳಲ್ಲಿ ನಮ್ಮನ್ನು ಹಿಡಿದು ನಿಲ್ಲಿಸುವುದು ಯಾವುದು? ಮೈಸೂರಿನ ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನು ಸಾಧ್ಯವಾದರೆ ನೋಡಿ. ೧೯೨೩ರಲ್ಲಿ ಹುಟ್ಟಿ ೨೦೦೯ರಲ್ಲಿ ತೀರಿಕೊಂಡ ಆ ಹಿರಿಯರು ಸಾಮಾನ್ಯ ಜನರ, ಅದರಲ್ಲಿಯೂ ಮಕ್ಕಳ, ದಿನನಿತ್ಯದ ಬದುಕನ್ನು ಕಪ್ಪುಬಿಳುಪಿನಲ್ಲಿ ಹಿಡಿದಿಟ್ಟವರು. ಆ ಚಿತ್ರಗಳ ಮುಂದೆ ನಿಂತಾಗ ಯಾವ ಕ್ಯಾಮೆರಾ ಎಂದು ಕೇಳುವ ಮನಸ್ಸೇ ಬರುವುದಿಲ್ಲ. ಎದುರಿಗಿರುವವರು ಅವರನ್ನು ನಂಬಿದ್ದರೆಂಬುದು ಮಾತ್ರ ಕಾಣುತ್ತದೆ. ಮೂಡಿಗೆರೆಯ ತೋಟದಲ್ಲಿ ಹಕ್ಕಿಗಳ ಹಿಂದೆ ಬಿದ್ದ ಪೂರ್ಣಚಂದ್ರ ತೇಜಸ್ವಿಯವರ ವಿಷಯವೂ ಅಷ್ಟೆ. ಹಳೆಯ ಉಪಕರಣದ ಮೇಲೆ ಅವರಿಗೆ ಭಕ್ತಿಯೇನೂ ಇರಲಿಲ್ಲ; ಕಂಪ್ಯೂಟರ್ ಬಂದಾಗ ಅದನ್ನೂ ಉತ್ಸಾಹದಿಂದ ಕೈಗೆತ್ತಿಕೊಂಡವರು. ಹಕ್ಕಿ ಬರುವವರೆಗೆ ಕೂತಿರುವುದು ಕ್ಯಾಮೆರಾದ ಗುಣವಲ್ಲ, ಕೂತವನ ಗುಣ.

ಸುರುಳಿಯೇ ಬೇಕೆನ್ನುವವರಿಗೆ ದಾರಿ ಮುಚ್ಚಿಲ್ಲವೆಂಬುದನ್ನೂ ಹೇಳಬೇಕು. ೨೦೧೨ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿದ ಕೊಡಕ್‌ನ ಹೆಸರಿನಲ್ಲಿ ಇಂದಿಗೂ ಫಿಲ್ಮ್ ತಯಾರಾಗುತ್ತಿದೆ. ಪೆಂಟಾಕ್ಸ್ ೨೦೨೪ರಲ್ಲಿ ಹೊಚ್ಚಹೊಸ ಫಿಲ್ಮ್ ಕ್ಯಾಮೆರಾವನ್ನೇ ಹೊರತಂದಿತು. ಖರ್ಚು ಮಾತ್ರ ನಮ್ಮಂಥವರ ಕೈಗೆಟುಕುವುದು ಕಷ್ಟ.

ಅದಕ್ಕಿಂತ ಹತ್ತಿರದ ಕೆಲಸವೊಂದು ನಿಮ್ಮ ಮನೆಯಲ್ಲಿಯೇ ಇದ್ದೀತು. ಟ್ರಂಕಿನ ತಳದಲ್ಲಿ, ಹಳೆಯ ಬಿಸ್ಕತ್ತು ಡಬ್ಬಿಯಲ್ಲಿ ನೆಗೆಟಿವ್‌ಗಳು ಉಳಿದಿವೆಯೇ ಎಂದು ಹುಡುಕಿ. ಕಪ್ಪುಬಿಳುಪಿನವಾದರೆ ಬೆಳ್ಳಿಯ ಆ ಚಿತ್ರಗಳು ಇನ್ನೂ ಚೆನ್ನಾಗಿಯೇ ಇರುವ ಸಂಭವ ಹೆಚ್ಚು. ಕಿಟಕಿಯ ಗಾಜಿಗೆ ಬಿಳಿಯ ತೆಳುಕಾಗದ ಅಂಟಿಸಿ, ಅದರ ಮುಂದೆ ನೆಗೆಟಿವ್ ಹಿಡಿದು ಮೊಬೈಲಿನಿಂದ ಚಿತ್ರ ತೆಗೆಯಿರಿ; ಕಪ್ಪನ್ನು ಬಿಳುಪಾಗಿಯೂ ಬಿಳುಪನ್ನು ಕಪ್ಪಾಗಿಯೂ ತಿರುಗಿಸುವ ಸೌಲಭ್ಯ ಆ ಮೊಬೈಲಿನಲ್ಲಿಯೇ ಸಿಗುತ್ತದೆ. ಎಂದೂ ಮುದ್ರಣವಾಗದ ಮುಖವೊಂದು ಅದರಲ್ಲಿ ಸಿಕ್ಕರೂ ಸಿಗಬಹುದು. ಸಿಕ್ಕ ಚಿತ್ರವನ್ನು ಮನೆಯ ಅಜ್ಜಿಗೆ ತೋರಿಸಿ, ಎಡದಿಂದ ಯಾರು ಯಾರೆಂದು ಕೇಳಿ ಬರೆದಿಡಿ. ನೆಗೆಟಿವನ್ನು ಅಂಚಿನಲ್ಲಿಯೇ ಹಿಡಿಯಿರಿ. ಬೆರಳ ಗುರುತು ಬಿದ್ದರೆ ಹೋಗುವುದಿಲ್ಲ.