ಅಂಟಿದ್ದೆಲ್ಲ ಮೂಳೆಯಾಗದು

ಕೊಳ್ಳೇಗಾಲದ ರೇಷ್ಮೆ ನೂಲಿಗೆ ಬಣ್ಣ ಹಿಡಿಯಬೇಕಾದರೆ ಮೊದಲು ಸೋಪು, ಸೋಡದ ನೀರಲ್ಲಿ ಕುದಿಸಿ ಅಂಟು ಬಿಡಿಸಬೇಕು. ಕಚ್ಚಾ ರೇಷ್ಮೆಯ ತೂಕದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಹೀಗೆ ಕರಗಿಹೋಗುತ್ತದೆ. ಆ ಅಂಟೇ ಸೆರಿಸಿನ್ ಎಂಬ ಪ್ರೋಟೀನು. ಮೂಳೆಗೆ ಹಾಕುವ ಲೋಹಕ್ಕೆ ಇಂಥ ಪ್ರೋಟೀನು ಲೇಪಿಸಿದರೆ ಸಾಕು, ಮೂಳೆ ಬೇಗ ಕೂಡುತ್ತದೆ ಎನ್ನುವವರಿದ್ದಾರೆ. ಹನೂರು, ಯಳಂದೂರಿನ ಹಿಪ್ಪುನೇರಳೆ ಬೆಳೆಗಾರರಿಗೆ ಇದು ಸಿಹಿಸುದ್ದಿ. ಅದಕ್ಕೇ ಇದನ್ನು ಒರೆಗೆ ಹಚ್ಚಬೇಕು.

ಇದರಲ್ಲಿ ನಿಜವೂ ಇದೆ. ಟೈಟಾನಿಯಂ ದೇಹದೊಳಗೆ ಹೋದ ಕ್ಷಣಗಳಲ್ಲೇ ರಕ್ತದ ಆಲ್ಬುಮಿನ್, ಫೈಬ್ರಿನೋಜೆನ್, ಫೈಬ್ರೊನೆಕ್ಟಿನ್ ಅದನ್ನು ಮುಸುಕುತ್ತವೆ. ಮೂಳೆ ಕಟ್ಟುವ ಜೀವಕೋಶಕ್ಕೆ ಸಿಗುವುದು ಆ ಪೊರೆಯೇ ಹೊರತು ಲೋಹವಲ್ಲ. ಫೈಬ್ರೊನೆಕ್ಟಿನ್‌ನಲ್ಲಿ ಕೋಶ ಹಿಡಿದುಕೊಳ್ಳುವ ತಾಣ ನಾಲ್ಕೇ ಅಮೈನೊ ಆಮ್ಲಗಳದ್ದು ಎಂದು ವಿಜ್ಞಾನಿಗಳಾದ ಪಿಯರ್ಷ್‌ಬಾಕರ್ ಮತ್ತು ರೂಸ್ಲಾಹ್ಟಿ 1984ರಲ್ಲಿ ತೋರಿಸಿದರು. ಅಂದಮೇಲೆ ಪ್ರೋಟೀನು ಇದ್ದರಷ್ಟೇ ಸಾಲದು. ಆ ತಾಣ ಲೋಹದ ಕಡೆಗೆ ಮಗುಚಿದರೆ ಬಳಿದೂ ಬಳಿಯದಂತೆಯೇ.

ರೇಷ್ಮೆಯೆಂದರೆ ಎಲ್ಲ ಒಂದೇ ಎನ್ನುವುದೂ ತಪ್ಪು. ಟಸರ್ ಹುಳುವಿನ ನೂಲೆಳೆಯ ಪ್ರೋಟೀನಾದ ಫೈಬ್ರಾಯಿನ್‌ನಲ್ಲಿ ಈ ತಾಣವಿದೆ, ನಮ್ಮ ಹಿಪ್ಪುನೇರಳೆ ಹುಳುವಿನದರಲ್ಲಿ ಇಲ್ಲ. ಟೈಟಾನಿಯಂಗೆ ಸೆರಿಸಿನ್ ಕೂಡಿಸಿ ಖರಗ್‌ಪುರದ ಐಐಟಿ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಒಳ್ಳೆಯ ಫಲಿತಾಂಶವೂ ಟಸರಿನದೇ. ಅದೂ ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳ ಮೇಲಿನದು. ಸೋಡದಲ್ಲಿ ಕುದ್ದ ಸೆರಿಸಿನ್ ತುಂಡುತುಂಡಾಗಿರುತ್ತದೆ. ಮೋರಿಗೆ ಹೋಗುವ ಆ ನೀರನ್ನು ಹಿಡಿದಿಟ್ಟರೆ ಔಷಧವಾಗದು.

ಕೋಶ ಅಂಟಿತೆಂದರೆ ಮೂಳೆ ಕಟ್ಟಿತೆಂದಲ್ಲ. ಅಂಟಿದ ಕೋಶ ಹರಡಬೇಕು, ಪಕ್ವವಾಗಬೇಕು, ಕೊಲಾಜೆನ್ ಹೆಣೆದು ಅದರಲ್ಲಿ ಸುಣ್ಣದ ಅಂಶ ಕೂರಿಸಬೇಕು. ಹಲ್ಲಿನ ಇಂಪ್ಲಾಂಟಿಗೆ, ಸಿಮೆಂಟಿಲ್ಲದೆ ಕೂರಿಸುವ ಸೊಂಟದ ಕೀಲಿಗೆ ಮೂಳೆ ಬಿಗಿಯಾಗಿ ಅಂಟಲೇಬೇಕು. ಆದರೆ ಮುರಿದ ಕಾಲಿಗೆ ಹಾಕಿದ ಪ್ಲೇಟನ್ನು ಮುಂದೆ ತೆಗೆಯಬೇಕಾಗಿ ಬಂದರೆ ಅದೇ ಬಿಗಿ ವೈದ್ಯರಿಗೂ ರೋಗಿಗೂ ಕಷ್ಟ. ಅಲ್ಲಿ ಮುರಿತ ಕೂಡುವುದು ಮೂಳೆ ಅಲುಗಾಡದಂತಿರುವುದರಿಂದ, ರಕ್ತ ಹರಿಯುವುದರಿಂದ, ಸೋಂಕು ತಗಲದಿರುವುದರಿಂದ. ಲೇಪನ ಈ ಮೂರರ ಬದಲಿಗೆ ನಿಲ್ಲಲಾರದು.

ನಮ್ಮ ಗೂಡಿನ ಅಂಟಿಗೆ ಬೆಲೆ ಬರಲಿ ಎಂದೇ ನನ್ನ ಆಸೆ. ಅದಕ್ಕೆ ದಾರಿ, ಹಿಪ್ಪುನೇರಳೆ ಸೆರಿಸಿನ್ನನ್ನೇ ಸೋಡವಿಲ್ಲದೆ ಬಿಡಿಸಿ, ಮೂಳೆಯೊಳಗಿಟ್ಟು, ತಿಂಗಳುಗಟ್ಟಲೆ ಕಾದು ನೋಡುವುದು. ಹಾಗೆ ನೋಡುವ ಮೊದಲೇ ಬೆಳೆಗಾರನಿಗೆ ಬೆಲೆಯ, ರೋಗಿಗೆ ಗುಣದ ಭರವಸೆ ಕೊಡುವುದು ಇಬ್ಬರಿಗೂ ಮಾಡುವ ಅನ್ಯಾಯ.